ಹೆರದವಳ ಹಾಲು (ಎದೆಹಾಲಿನ ಕಥೆಗಳು – ಭಾಗ 6)

ಐದನೇ ಭಾಗ ಹಾಕಿ ಮೂರು ವಾರ ಆಯಿತು. ನಾಲ್ಕು ನೈಟ್ ಡ್ಯೂಟಿ, ಅದರ ಬೆನ್ನಿಗೇ ಒಂದು ಜ್ವರ, ಆಮೇಲೆ ರಜೆ ಹೋದವರ ಪಾಳಿಯೂ ನನ್ನ ತಲೆಗೇ ಬಂತು. ಈ ಸಲ ಹಾಲಿನ ಪುಡಿ ಡಬ್ಬಿಯ ಇತಿಹಾಸ ಬರೆಯುತ್ತೇನೆ ಅಂದಿದ್ದೆ. ಅದು ಮುಂದಿನ ಭಾಗಕ್ಕೆ. ನಡುವೆ ನನ್ನ ತಂಗಿ ಒಂದು ಪ್ರಶ್ನೆ ಕೇಳಿದಳು. ಅದಕ್ಕೆ ಉತ್ತರ ಹುಡುಕುತ್ತಾ ಸಾವಿರದ ನಾನೂರು ವರ್ಷ ಹಿಂದಕ್ಕೆ ಹೋಗಿಬಿಟ್ಟೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು ಹಾಕ್ಬೇಡ, ಉಳಿದಿದ್ದೆಲ್ಲ ಬರಿ" ಅಂದಿದ್ದಾಳೆ.

ತಂಗಿಗೆ ಮದುವೆಯಾಗಿ ಒಂಬತ್ತು ವರ್ಷ. ಮೂರು ಸಲ ಐವಿಎಫ್ ಆಯಿತು, ಮೂರೂ ನಿಲ್ಲಲಿಲ್ಲ. ಆಮೇಲೆ ದತ್ತು ಪಟ್ಟಿಯಲ್ಲಿ ಹೆಸರು ಬರೆಸಿ, ಮೂರು ವರ್ಷಕ್ಕೂ ಹೆಚ್ಚು ಕಾದು, ಈ ವರ್ಷ ನಾಲ್ಕು ತಿಂಗಳ ಹೆಣ್ಣು ಮಗುವನ್ನು ಹಾಸನದ ಮನೆಗೆ ಕರೆತಂದರು. ಮಗು ಬಂದು ಹನ್ನೆರಡನೇ ದಿನ. ಇಲ್ಲಿ ಮಸ್ಕತ್ತಿನಲ್ಲಿ ಬೆಳಗಿನ ಜಾವ ಐದು ಗಂಟೆ, ಊರಲ್ಲಿ ಆರೂವರೆ. ಬಿಪಿ, ಟೆಂಪರೇಚರ್ ಎಲ್ಲ ಬರೆದು ಮುಗಿಸಿ ಕೂತಿದ್ದೆ, ಫೋನ್ ಬಂತು.

"ಅಕ್ಕ, ಮಗು ನನ್ನ ನೈಟಿಗೆ ಬಾಯಿ ಹಾಕ್ತದೆ ಕಣಕ್ಕ. ಬಾಟಲಿ ಕುಡಿದು ಹೊಟ್ಟೆ ತುಂಬಿದ್ರೂ ಹುಡುಕ್ತದೆ. ನಾನೇ ಕುಡಿಸೋಕೆ ಆಗಲ್ವಾ?"

ನಾನು ಬಾಯಿ ಬಿಡುವ ಮೊದಲೇ ಹಿಂದಿನಿಂದ ಅವ್ವನ ದನಿ ಕೇಳಿಸಿತು: "ಗೊಡ್ಡು ಹಸೀನ ಕೆಚ್ಚಲು ಹಿಂಡಿದ್ರೆ ಹಾಲು ಬತ್ತದಾ?"

ತಂಗಿ ಫೋನ್ ಇಟ್ಟಳು. ಅವ್ವ ಕೆಟ್ಟವಳಲ್ಲ. ಆ ಮಗುವಿಗೆ ದಿನಾ ಎಣ್ಣೆ ಹಚ್ಚಿ ನೀರು ಹಾಕುವವಳು ಅವಳೇ, ದೃಷ್ಟಿ ತೆಗೆಯುವವಳೂ ಅವಳೇ. ಆದರೆ ಒಂಬತ್ತು ವರ್ಷ ಊರವರ ಬಾಯಿಂದ ಕೇಳಿದ್ದ ಮಾತನ್ನು ತಂಗಿ ಅವತ್ತು ಸ್ವಂತ ಅಡುಗೆಮನೆಯಲ್ಲೂ ಕೇಳಬೇಕಾಯಿತು.

ನನಗೆ ತಕ್ಷಣ ನೆನಪಾದದ್ದು ಎರಡು ವರ್ಷದ ಹಿಂದೆ ನಮ್ಮ ಲ್ಯಾಕ್ಟೇಷನ್ ಕ್ಲಿನಿಕ್ಕಿಗೆ ಬಂದಿದ್ದ ಒಬ್ಬ ಹೆಂಗಸು. ಗುರುತು ಸಿಗಬಾರದೆಂದು ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ನಲವತ್ತರ ಹತ್ತಿರದ ವಯಸ್ಸು, ಒಮ್ಮೆಯೂ ಹೆತ್ತಿಲ್ಲ. ಅನಾಥ ಗಂಡು ಕೂಸೊಂದನ್ನು ಸಾಕಲು ತೆಗೆದುಕೊಂಡಿದ್ದಳು. ಕೈಯಲ್ಲಿ ಹೊಸ ಬ್ರೆಸ್ಟ್ ಪಂಪ್, ಇನ್ನೂ ಡಬ್ಬಿ ಒಡೆದಿಲ್ಲ. ಅವಳು ಕೇಳಿದ್ದು ಹಾಲು ಮಗುವಿಗೆ ಸಾಕಾಗುತ್ತದಾ ಅಂತಲ್ಲ. "ಸಿಸ್ಟರ್, ಐದು ಸಲ. ಐದು ಸಲ ಹೊಟ್ಟೆ ತುಂಬ ಕುಡಿದರೆ ಸಾಕು. ಅಷ್ಟು ಮಾಡಿಕೊಡಿ" ಅಂದಳು.

ನನಗೆ ಅರ್ಥವಾಗಲಿಲ್ಲ. ಬಿಎಸ್ಸಿ ನರ್ಸಿಂಗ್‌ನಲ್ಲಿ ನಾವು ಕಲಿತದ್ದು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಸಬೇಕು ಅಂತ. ಇದೇನಿದು, ಒಟ್ಟು ಐದು ಸಲ? ಊಟದ ಹೊತ್ತಿನಲ್ಲಿ ಇಲ್ಲಿಯವಳೇ ಆದ ಸಹೋದ್ಯೋಗಿ ಬಿಡಿಸಿ ಹೇಳಿದಳು. ಅವತ್ತಿನಿಂದ ಈ ವಿಷಯ ಸಿಕ್ಕಲ್ಲೆಲ್ಲ ಓದುತ್ತಾ ಬಂದಿದ್ದೇನೆ.

ಏಳನೇ ಶತಮಾನದ ಅರೇಬಿಯಾಕ್ಕೆ ಬನ್ನಿ. ಮೆಕ್ಕಾದ ಅನುಕೂಲಸ್ಥ ಮನೆಗಳಲ್ಲಿ ಹುಟ್ಟಿದ ಕೂಸನ್ನು ಮರುಭೂಮಿಯ ಬುಡಕಟ್ಟಿನ ಹೆಂಗಸರ ಬಳಿ ಹಾಲು ಕುಡಿಯಲು ಬಿಡುವ ರೂಢಿಯಿತ್ತು. ಪ್ರವಾದಿ ಮುಹಮ್ಮದರನ್ನು ಹಾಗೆ ಕರೆದೊಯ್ದವಳು ಬನೂ ಸಅದ್ ಬುಡಕಟ್ಟಿನ ಹಲೀಮಾ. ಅದಕ್ಕೂ ಮೊದಲು ಕೆಲವು ದಿನ ಸುವೈಬಾ ಎಂಬ ಗುಲಾಮ ಹೆಂಗಸು ಹಾಲು ಕೊಟ್ಟಿದ್ದಳು. ಅದೇ ಸುವೈಬಾ ಪ್ರವಾದಿಯವರ ಚಿಕ್ಕಪ್ಪ ಹಂಝಾರಿಗೂ ಹಾಲೂಡಿದವಳು. ಹಾಗಾಗಿ ಚಿಕ್ಕಪ್ಪನೇ ಹಾಲಿನ ಲೆಕ್ಕದಲ್ಲಿ ಅಣ್ಣ. ಮುಂದೆ ಹಂಝಾರ ಮಗಳನ್ನು ಮದುವೆಯಾಗಬಹುದಲ್ಲ ಎಂದು ಯಾರೋ ಸೂಚಿಸಿದಾಗ ಪ್ರವಾದಿಯವರು ಒಪ್ಪಲಿಲ್ಲ, ಹಾಲಿನ ನಂಟಿನಲ್ಲಿ ಆಕೆ ತಮ್ಮ ಅಣ್ಣನ ಮಗಳಾಗುತ್ತಾಳೆ ಎಂದರು.

ಹಲೀಮಾಳ ಮಗಳು ಶೈಮಾಳ ಕಥೆ ನನಗೆ ಇನ್ನೂ ಇಷ್ಟ. ಪ್ರವಾದಿಯವರ ಜೀವನಚರಿತ್ರೆಗಳಲ್ಲಿ ಬರುತ್ತದೆ. 630ರಲ್ಲಿ ಹುನೈನ್ ಯುದ್ಧವಾದ ಮೇಲೆ ಸೆರೆಸಿಕ್ಕವರಲ್ಲಿ ಒಬ್ಬ ಮುದುಕಿ, "ನಾನು ನಿಮ್ಮ ನಾಯಕನ ಅಕ್ಕ" ಎನ್ನುತ್ತಾಳೆ. ಯಾರೂ ನಂಬುವುದಿಲ್ಲ. ಪ್ರವಾದಿಯವರ ಮುಂದೆ ಕರೆತಂದಾಗ, ಸೊಂಟದಲ್ಲಿ ಎತ್ತಿಕೊಂಡು ತಿರುಗುತ್ತಿದ್ದ ಕಾಲದಲ್ಲಿ ಆ ಮಗು ಕಚ್ಚಿದ್ದ ಗುರುತನ್ನು ತೋರಿಸುತ್ತಾಳೆ. ಅವರು ತಮ್ಮ ಮೇಲುಹೊದಿಕೆಯನ್ನು ನೆಲಕ್ಕೆ ಹಾಸಿ ಅವಳನ್ನು ಕೂರಿಸುತ್ತಾರೆ. ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದ ಯಾರೇ ಆದರೂ ಆ ಕಚ್ಚಿದ ಗುರುತನ್ನು ನಂಬುತ್ತಾರೆ!

ಈಗ ದತ್ತಿನ ವಿಷಯ. ಇಸ್ಲಾಮಿಗೂ ಮುಂಚೆ ಅರಬರಲ್ಲಿ ದತ್ತು ಇತ್ತು, ತೆಗೆದುಕೊಂಡವನ ಹೆಸರೇ ಮಗುವಿಗೆ ಬರುತ್ತಿತ್ತು. ಗುಲಾಮನಾಗಿ ಬಂದ ಝೈದ್ ಎಂಬ ಹುಡುಗನನ್ನು ಸ್ವತಃ ಪ್ರವಾದಿಯವರು ಹಾಗೆ ಮಗನಾಗಿ ತೆಗೆದುಕೊಂಡಿದ್ದರು. ಆಮೇಲೆ ಕುರಾನಿನ 33ನೇ ಅಧ್ಯಾಯದಲ್ಲಿ, ಸಾಕಿದ ಮಕ್ಕಳನ್ನು ಅವರ ಹೆತ್ತ ತಂದೆಯ ಹೆಸರಿನಿಂದಲೇ ಕರೆಯಿರಿ ಎಂಬ ವಿಧಿ ಬಂತು. ಝೈದ್ ಮತ್ತೆ ಹಾರಿಸಾನ ಮಗ ಝೈದ್ ಆದರು. ಅನಾಥರನ್ನು ಸಾಕುವುದು ದೊಡ್ಡ ಪುಣ್ಯ, ಆದರೆ ಹೆಸರು, ವಂಶ ಬದಲಾಗುವುದಿಲ್ಲ. ಇವತ್ತಿಗೂ ಗಲ್ಫ್ ದೇಶಗಳಲ್ಲಿ ಇರುವುದು ಕಫಾಲ, ಅಂದರೆ ಮಗುವಿನ ಹೊಣೆ ಹೊರುವುದು.

ಈ ವಿಧಿ ಒಂದು ಮನೆಗೆ ದೊಡ್ಡ ತೊಡಕು ತಂದಿತು. ಅಬೂ ಹುದೈಫಾ ಮತ್ತು ಅವರ ಹೆಂಡತಿ ಸಹ್ಲಾ ಸಾಕಿದ್ದ ಸಾಲಿಮ್ ಆಗ ಬೆಳೆದ ಗಂಡಸು. ನಿನ್ನೆಯವರೆಗೆ ಮಗ, ಇವತ್ತು ಪರಪುರುಷ. ಒಂದೇ ಮನೆಯಲ್ಲಿ ಸಹ್ಲಾ ಅವನ ಎದುರು ಹೇಗೆ ಓಡಾಡಬೇಕು? ಅವಳು ಬಂದು ಕೇಳಿದಾಗ, ನಿನ್ನ ಹಾಲನ್ನು ಅವನಿಗೆ ಕೊಡು, ಅವನು ನಿನಗೆ ಮಗನಾಗುತ್ತಾನೆ ಎಂಬ ಉತ್ತರ ಬಂತೆಂದು ಹದೀಸ್ ಹೇಳುತ್ತದೆ. ಪಾತ್ರೆಗೆ ಹಿಂಡಿ ಕೊಟ್ಟಳು ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಇದು ಸಾಲಿಮ್ ಒಬ್ಬನಿಗೆ ಸಿಕ್ಕ ವಿನಾಯಿತಿ, ಹಾಲಿನ ನಂಟು ಆಗಬೇಕಾದರೆ ಮಗುವಿಗೆ ಎರಡು ವರ್ಷದೊಳಗೇ ಕುಡಿಸಬೇಕು ಎಂದು ಹೆಚ್ಚಿನ ಪಂಡಿತರು ತೀರ್ಮಾನಿಸಿದರು. ಇದನ್ನು ಓದಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಸಾಕಿದ ಮಗನನ್ನು ಒಂದು ಬೆಳಿಗ್ಗೆ ಕಳೆದುಕೊಂಡ ತಾಯಿ, ಅವನನ್ನು ಉಳಿಸಿಕೊಳ್ಳಲು ದಾರಿ ಕೇಳಿಕೊಂಡು ಹೋದ ಕಥೆ ಅದು.

ಕುರಾನಿನ 4ನೇ ಅಧ್ಯಾಯದ 23ನೇ ವಚನದಲ್ಲಿ ಯಾರನ್ನು ಮದುವೆಯಾಗಬಾರದು ಎಂಬ ಪಟ್ಟಿಯಿದೆ. ಹೆತ್ತ ತಾಯಿ, ಒಡಹುಟ್ಟಿದವರ ಸಾಲಿನಲ್ಲೇ ಹಾಲೂಡಿದ ತಾಯಿ, ಹಾಲಿನ ಅಕ್ಕತಂಗಿಯರು ಬರುತ್ತಾರೆ. ಮದುವೆ ನಿಷಿದ್ಧವಾದ ಮೇಲೆ ಪರದೆಯೂ ಬೇಡ. ಎಷ್ಟು ಸಲ ಕುಡಿದರೆ ಈ ನಂಟು ಎಂಬುದಕ್ಕೆ ಪಂಥಕ್ಕೊಂದು ಲೆಕ್ಕ. ಹನಫಿ, ಮಾಲಿಕಿಗಳಿಗೆ ಒಂದು ಗುಟುಕು ಇಳಿದರೂ ಸಾಕು. ಶಾಫಿ, ಹನ್ಬಲಿಗಳಿಗೆ ಐದು ಸಲ.

ನಮ್ಮ ಕ್ಲಿನಿಕ್ಕಿಗೆ ಬಂದವಳ ಐದು ಅಲ್ಲಿಂದ ಬಂದದ್ದು. ಅವಳ ಕೂಸಿಗೆ ಹದಿನೈದು ವರ್ಷವಾದಾಗ ಅವಳು ಸ್ವಂತ ಮನೆಯಲ್ಲಿ ಅವನೆದುರು ತಲೆ ಮುಚ್ಚಿಕೊಳ್ಳಬೇಕೋ ಬೇಡವೋ, ಹುಷಾರಿಲ್ಲದಾಗ ಅವನ ಹಣೆ ಮುಟ್ಟಬಹುದೋ ಇಲ್ಲವೋ ಎಂಬುದು ಆ ಐದು ಸಲದ ಮೇಲೆ ನಿಂತಿತ್ತು. ಅವಳಿಗೆ ಹಾಲು ಬರದಿದ್ದರೆ ಅವಳ ತಂಗಿ ಕುಡಿಸುವುದೆಂದು ಮನೆಯಲ್ಲಿ ಮಾತಾಗಿತ್ತು, ಆಗ ಇವಳು ಹಾಲಿನ ದೊಡ್ಡಮ್ಮ ಆಗುತ್ತಿದ್ದಳು. "ದೊಡ್ಡಮ್ಮ ಆದರೂ ನಡೆಯುತ್ತದೆ, ಆದರೆ ಒಂದು ಸಲ ಪ್ರಯತ್ನ ಮಾಡುತ್ತೇನೆ" ಅಂದಿದ್ದಳು.

ನನ್ನ ತಂಗಿಯ ಫೋನ್ ಬಂದ ಮೇಲೆ ಮತ್ತೆ ಓದಲು ಕೂತಾಗ ಒಂದು ವಿಷಯ ಸಿಕ್ಕಿತು. ಹೆರದ ಹೆಣ್ಣಿಗೆ, ಮದುವೆಯೇ ಆಗದ ಹೆಣ್ಣಿಗೆ ಹಾಲು ಬಂದು ಅದನ್ನು ಮಗು ಕುಡಿದರೆ ನಂಟು ಆಗುತ್ತದೆಯೇ ಎಂದು ಮಧ್ಯಯುಗದ ನ್ಯಾಯಪಂಡಿತರು ಗಂಭೀರವಾಗಿ ಚರ್ಚಿಸಿದ್ದಾರೆ. ಹೆಚ್ಚಿನವರು ಆಗುತ್ತದೆ ಅಂದರು, ಹನ್ಬಲಿಗಳು ಗರ್ಭದಿಂದ ಬಂದ ಹಾಲೇ ಬೇಕು ಅಂದರು. ಯಾರು ಸರಿ ಎಂಬುದು ನನಗೆ ಮುಖ್ಯವಲ್ಲ. ನಡೆಯಲಾರದ ವಿಷಯಕ್ಕೆ ಇಷ್ಟು ತಲೆ ಯಾರೂ ಕೆಡಿಸಿಕೊಳ್ಳುವುದಿಲ್ಲ. ಹೆರದವಳ ಎದೆಯಲ್ಲೂ ಹಾಲು ಬರಬಹುದು ಎಂಬುದು ಅವರಿಗೆ ಗೊತ್ತಿತ್ತು.

ಹಾಲಿಗೆ ಇಷ್ಟು ತೂಕ ಇದ್ದುದರಿಂದಲೇ 1985ರಲ್ಲಿ ಜೆಡ್ಡಾದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಹಾಲಿನ ಬ್ಯಾಂಕುಗಳು ಬೇಡ ಎಂದು ನಿರ್ಣಯ ಮಾಡಿತು. ಹತ್ತು ತಾಯಂದಿರ ಹಾಲನ್ನು ಒಂದೇ ಪಾತ್ರೆಯಲ್ಲಿ ಬೆರೆಸಿದರೆ ಯಾರು ಯಾರ ಅಣ್ಣ ಎಂದು ತಿಳಿಯುವುದು ಹೇಗೆ? ನಾಲ್ಕು ವರ್ಷದ ನಂತರ, 1989ರಲ್ಲಿ, ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಭಾರತದ ಮೊದಲ ಹಾಲಿನ ಬ್ಯಾಂಕ್ ಶುರುವಾಯಿತು. ನಮ್ಮಲ್ಲಿ ಈ ಪ್ರಶ್ನೆ ದೊಡ್ಡದಾಗಿ ಏಳಲಿಲ್ಲ. ಇಲ್ಲಿ ನಾನು ಕೆಲಸ ಮಾಡುವ ಕಡೆ ಬ್ಯಾಂಕ್ ಇಲ್ಲ. ಏಳು ತಿಂಗಳಿಗೇ ಹುಟ್ಟಿದ ಕೂಸು ಎನ್‌ಐಸಿಯುನಲ್ಲಿದ್ದು ತಾಯಿಗೆ ಹಾಲಿಲ್ಲದಿದ್ದಾಗ ನಮ್ಮ ಕೈ ಕಟ್ಟಿದ ಹಾಗಾಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

ಹಾಲಿನ ನಂಟು ಅರಬರದ್ದು ಮಾತ್ರವಲ್ಲ, ಮಧ್ಯ ಏಷ್ಯಾದ ರಾಜಮನೆತನಗಳಲ್ಲೂ ಇತ್ತು, ಮೊಘಲರ ಜೊತೆ ದೆಹಲಿಗೂ ಬಂತು. ಅಕ್ಬರ್ ಹಸುಗೂಸಾಗಿದ್ದಾಗಲೇ ಅಪ್ಪ ಅಮ್ಮ ಪರ್ಷಿಯಾಕ್ಕೆ ಓಡಿಹೋಗಬೇಕಾಯಿತು. ಮಗುವನ್ನು ನೋಡಿಕೊಂಡವರು ದಾದಿಯರು. ಹಾಲೂಡಿದ ಜೀಜೀ ಅನಗಾಳ ಗಂಡನಿಗೆ ಅತಗಾ ಖಾನ್, ಅಂದರೆ ಸಾಕುತಂದೆ ಎಂಬ ಬಿರುದು ಸಿಕ್ಕಿತು. ದಾದಿಯರ ಹಿರಿಯಳು ಮಾಹಮ್ ಅನಗಾ, ಅವಳ ಮಗ ಅಧಮ್ ಖಾನ್. 1562ರಲ್ಲಿ ಈ ಅಧಮ್ ಖಾನ್ ಆಗ್ರಾ ಕೋಟೆಯೊಳಗೆ ಅತಗಾ ಖಾನನನ್ನು ಕೊಲ್ಲಿಸಿದ. ಅಕ್ಬರ್ ಅವನನ್ನು ಮಾಳಿಗೆಯಿಂದ ಕೆಳಕ್ಕೆ ಎಸೆಸಿದ, ಜೀವ ಹೋಗಿಲ್ಲವೆಂದು ಮತ್ತೊಮ್ಮೆ ಹೊತ್ತು ತಂದು ಎಸೆಸಿದ. ಮಗ ಸತ್ತ ನಲವತ್ತು ದಿನಕ್ಕೆ ಮಾಹಮ್ ಅನಗಾಳೂ ಹೋದಳು. ಅಕ್ಬರ್ ಇಬ್ಬರಿಗೂ ಮೆಹ್ರೌಲಿಯಲ್ಲಿ ಗೋರಿ ಕಟ್ಟಿಸಿದ. ಹಾಲಿನ ನಂಟು ಮನೆ ಕಾಯುತ್ತದೆ ಎಂದು ಯಾರಾದರೂ ಹೇಳಿದರೆ ಈ ಕಥೆ ನೆನಪಿಸಿ.

ನಮ್ಮ ಕಡೆ ದತ್ತಿನ ಚರಿತ್ರೆ ಬೇರೆಯೇ ದಾರಿ ಹಿಡಿಯಿತು. ಕನ್ನಡದವರಿಗೆ ದತ್ತು ಅಂದ ಕೂಡಲೇ ಕಿತ್ತೂರು ನೆನಪಾಗಬೇಕು. 1824ರಲ್ಲಿ ಶಿವಲಿಂಗ ರುದ್ರಸರ್ಜ ಸಾಯುವ ಮುನ್ನ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡ, ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, ಚೆನ್ನಮ್ಮ ಯುದ್ಧಕ್ಕೆ ನಿಂತಳು, ಅಕ್ಟೋಬರ್ 23ರಂದು ಥ್ಯಾಕರೆ ಸತ್ತ. ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಅಲ್ಲಿದ್ದದ್ದು ಗಾದಿಯ ಪ್ರಶ್ನೆ. ಹಳೆಯ ಹಿಂದೂ ಕಾನೂನಿನಲ್ಲಿ ದತ್ತು ಎಂದರೆ ಗಂಡು ಮಗು, ಪಿಂಡ ಇಡಲು ಮತ್ತು ಆಸ್ತಿಗೆ. ಕೆಲವು ಸಮುದಾಯಗಳ ರೂಢಿ ಬಿಟ್ಟರೆ ಹೆಣ್ಣು ಮಗುವನ್ನು ದತ್ತು ಪಡೆಯುವಂತಿರಲಿಲ್ಲ. ಹೆಂಗಸು ತನ್ನ ಹೆಸರಿನಲ್ಲಿ ದತ್ತು ಪಡೆಯುವಂತಿರಲಿಲ್ಲ, ವಿಧವೆ ತೆಗೆದುಕೊಂಡರೂ ಅದು ಸತ್ತ ಗಂಡನ ಹೆಸರಿಗೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅರಬರ ಹಾಲಿನ ನಂಟಿನಲ್ಲಿ ಮಗುವಿಗೆ ಆಸ್ತಿಯಲ್ಲಿ ಪಾಲಿಲ್ಲ, ಹೆಸರಿಲ್ಲ, ಆದರೆ ತಾಯಿ ನಡುಮನೆಯಲ್ಲಿದ್ದಾಳೆ. ಅವಳ ಮೈಯಿಲ್ಲದೆ ನಂಟೇ ಇಲ್ಲ. ನಮ್ಮ ದತ್ತಿನಲ್ಲಿ ಮಗುವಿಗೆ ಗೋತ್ರ, ಹೆಸರು, ಆಸ್ತಿ ಎಲ್ಲ ಸಿಕ್ಕಿತು, ತಾಯಿ ಮಾತ್ರ ಹೋಮದ ಪಕ್ಕ ಕೂತ ಸಾಕ್ಷಿ. ಅವಳ ಎದೆಗೆ ಮಗು ಬಾಯಿ ಹಾಕಿತೇ, ರಾತ್ರಿ ಯಾರ ಪಕ್ಕ ಮಲಗಿತು, ಇದನ್ನು ಕೇಳುವ ಶಾಸ್ತ್ರ ನನಗೆ ಸಿಕ್ಕಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಬಂದ ಮೇಲೆ ಹೆಣ್ಣು ಮಗುವನ್ನೂ ದತ್ತು ಪಡೆಯಬಹುದಾಯಿತು, ಮದುವೆಯಾಗದವಳು, ವಿಧವೆ ತನ್ನ ಹೆಸರಿನಲ್ಲೇ ಪಡೆಯಬಹುದಾಯಿತು. ಹೆಣ್ಣು ಮಗುವನ್ನು ದತ್ತು ಪಡೆಯಲು ಕಾನೂನು ಬಿಡದಿದ್ದರೆ ಹಾಸನದ ನಮ್ಮ ಮನೆಗೆ ಈ ಪುಟಾಣಿ ಮಗಳಾಗಿ ಬರುತ್ತಿರಲಿಲ್ಲ.

ಶಾಸ್ತ್ರ ಕೇಳದಿದ್ದರೂ ವೈದ್ಯರು ಕೇಳಿದ್ದರು. ಹಾಲೂಡುವ ದಾದಿಯನ್ನು ಹೇಗೆ ಆರಿಸಬೇಕು ಎಂದು ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ವಿವರವಾಗಿದೆ. ಅವಳನ್ನು ಅಲ್ಲಿ ಧಾತ್ರಿ ಎನ್ನುತ್ತಾರೆ, ಹೀರು ಎಂಬ ಅರ್ಥದ ಧಾತುವಿನಿಂದ ಬಂದ ಮಾತು. ಇಂಗ್ಲಿಷಿನ ನರ್ಸ್ ಕೂಡ ಹಾಲೂಡುವವಳು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ನನ್ನ ಐಡಿ ಕಾರ್ಡಿನ ಮೇಲೆ ಬರೆದಿರುವುದು ಅದೇ. ಅದೇ ಗ್ರಂಥದ ನಿದಾನಸ್ಥಾನದಲ್ಲಿ ಇನ್ನೊಂದು ಮಾತಿದೆ. ಮಗುವನ್ನು ಮುಟ್ಟಿದಾಗ, ನೋಡಿದಾಗ, ನೆನೆದಾಗ ಹಾಲು ಇಳಿಯುತ್ತದೆ, ಎಡೆಬಿಡದ ಪ್ರೀತಿ ಅದಕ್ಕೆ ಕಾರಣ ಎಂಬರ್ಥದ್ದು. ಇದನ್ನೇ ನಾವು ಕಾಲೇಜಿನಲ್ಲಿ ಆಕ್ಸಿಟೋಸಿನ್ ಎಂದು ಬಾಯಿಪಾಠ ಮಾಡಿದೆವು. ಹಾಸನ ಸೀಮೆಯಲ್ಲಿ ಹಸು ಕರೆಯುವ ಯಾರನ್ನಾದರೂ ಕೇಳಿ, ಕರು ಬಾಯಿ ಹಾಕದೆ ಹಸು ಸೊರೆ ಬಿಡುವುದಿಲ್ಲ ಅನ್ನುತ್ತಾರೆ.

(ಕಾಮೆಂಟಿನಲ್ಲಿ ಯಶೋದೆಯ ಹೆಸರು ಬಂದೇ ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಯಶೋದೆ ಆ ರಾತ್ರಿ ತಾನೇ ಹೆಣ್ಣು ಮಗುವನ್ನು ಹೆತ್ತಿದ್ದ ಬಾಣಂತಿ, ಅವಳಿಗೆ ಹಾಲಿನ ಕಷ್ಟ ಇರಲಿಲ್ಲ.)

ಇಷ್ಟು ಓದಿಕೊಂಡು ಅವ್ವನಿಗೆ ಫೋನ್ ಮಾಡಿದೆ. ಸುಶ್ರುತ, ಸಾಲಿಮ್ ಎಲ್ಲ ಅವಳ ಹತ್ತಿರ ನಡೆಯುವುದಿಲ್ಲ ಎಂದು ಗೊತ್ತಿತ್ತು. ಹಾಗಾಗಿ ನಮ್ಮ ಮನೆಯ ಚರಿತ್ರೆಯನ್ನೇ ಎತ್ತಿದೆ.

ಅಜ್ಜಿಯ ತಮ್ಮನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಹೆಣ್ಣು ಕೂಸು ಬದುಕಿತು. ಅದನ್ನು ತಂದು ಅಜ್ಜಿಯ ಮಡಿಲಿಗೆ ಹಾಕಿದರು. ಅಜ್ಜಿಯ ಕೊನೆಯ ಮಗು ನಮ್ಮ ಅವ್ವ, ಅವಳಿಗಾಗಲೇ ಐದು ವರ್ಷ, ಅಜ್ಜಿಯ ಹಾಲು ಬತ್ತಿ ಮೂರು ವರ್ಷವಾಗಿತ್ತು. ಅಜ್ಜಿ ಹಸುವಿನ ಹಾಲಿಗೆ ನೀರು ಬೆರೆಸಿ ಬತ್ತಿಯಲ್ಲಿ ಹನಿಸುತ್ತಾ, ಅಳು ನಿಲ್ಲಿಸಲು ಕೂಸಿಗೆ ಎದೆ ಕೊಟ್ಟಳು. ಹದಿನೈದು ಇಪ್ಪತ್ತು ದಿನದಲ್ಲಿ ಹಾಲು ಬಂತು. ಇದನ್ನು ಅವ್ವನೇ ನಮಗೆ ಎಷ್ಟೋ ಸಲ ಹೇಳಿದ್ದಾಳೆ, ತನ್ನನ್ನು ತೊಡೆಯಿಂದ ಇಳಿಸಿ ಆ ಕೂಸನ್ನು ಕೂರಿಸಿಕೊಂಡರು ಎಂಬ ಸಿಟ್ಟಿನ ಸಮೇತ. ಆ ಕೂಸೇ ನಮ್ಮ ಚಿಕ್ಕವ್ವ. ನಮ್ಮ ಕಡೆ ಸೋದರಮಾವನ ಮಗಳನ್ನು ತರುವುದು ಎಲ್ಲಕ್ಕಿಂತ ಮೊದಲ ಸಂಬಂಧ. ನಮ್ಮ ದೊಡ್ಡ ಮಾವನಿಗೆ ಅವಳನ್ನೇ ತಂದುಕೊಳ್ಳಿ ಎಂದು ನೆಂಟರೆಲ್ಲ ಕೂತು ಹೇಳಿದಾಗ ಅಜ್ಜಿ ಒಂದೇ ಮಾತಿಗೆ ಮುಗಿಸಿದಳಂತೆ: "ನನ್ ಹಾಲು ಕುಡಿದೋಳು ನನಗೆ ಸೊಸೆ ಹೆಂಗಾದಾಳು?"

ಅಜ್ಜಿಗೆ ಅರೇಬಿಯಾ ಎಲ್ಲಿದೆ ಎಂದು ಗೊತ್ತಿರಲಿಲ್ಲ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅದು ಬ್ಯಾರೆ. ನಮ್ಮವ್ವ ಆರು ಹೆತ್ತೋಳು" ಅಂದಳು.

ಅವ್ವ ಹೇಳಿದ್ದರಲ್ಲಿ ಅರ್ಧ ಸರಿಯಿದೆ. ಒಮ್ಮೆ ಹೆತ್ತು ಹಾಲೂಡಿದವಳಿಗೆ ಹಾಲು ಮರಳುವುದು ಸುಲಭ, ಏಕೆಂದರೆ ಗರ್ಭಿಣಿಯಾಗಿದ್ದಾಗ ಎದೆಯೊಳಗಿನ ಗ್ರಂಥಿಗಳು ಒಮ್ಮೆ ಪೂರ್ತಿ ಬೆಳೆದಿರುತ್ತವೆ. ಹೆರದವಳಲ್ಲಿ ಆ ಬೆಳವಣಿಗೆ ಆಗಿರುವುದಿಲ್ಲ. ಆದರೆ ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹೊರಡುವುದು ಮಿದುಳಿನ ಬುಡದ ಪಿಟ್ಯುಟರಿಯಿಂದ, ಅದಕ್ಕೆ ಅಪ್ಪಣೆ ಹೋಗುವುದು ಮಗುವಿನ ಚೀಪುವಿಕೆಯಿಂದ. ಹೆತ್ತಿದ್ದಾಳೋ ಇಲ್ಲವೋ ಎಂದು ಪಿಟ್ಯುಟರಿ ಕೇಳುವುದಿಲ್ಲ. ಮತ್ತೆ ಮತ್ತೆ, ವಾರಗಟ್ಟಲೆ ಚೀಪಿಸಿದರೆ ಹಲವರಿಗೆ ಸ್ವಲ್ಪವಾದರೂ ಬರುತ್ತದೆ. ಪಪುವಾ ನ್ಯೂಗಿನಿಯಲ್ಲಿ 37 ಹೆಂಗಸರಿಗೆ ಹೀಗೆ ಹಾಲು ತರಿಸಲು ಮಾಡಿದ ಪ್ರಯತ್ನದ ವರದಿ 1994ರಲ್ಲಿ ಪ್ರಕಟವಾಗಿದೆ. ಅಲ್ಲಿ ತಾಯಿ ಸತ್ತ ಕೂಸಿಗೆ ಬಾಟಲಿ ಎಂದರೆ ಭೇದಿ, ಭೇದಿ ಎಂದರೆ ಸಾವು, ಹಾಗಾಗಿ ವೈದ್ಯರು ಅದನ್ನು ಚಿಕಿತ್ಸೆಯ ಹಾಗೆ ಮಾಡಿದರು.

ಅಮೆರಿಕದಲ್ಲಿ ಇದು ಶುರುವಾದದ್ದು ಬೇರೆ ಕಾರಣಕ್ಕೆ. ಬಾಟಲಿಯೇ ಆಧುನಿಕ ಎಂದು ಆಸ್ಪತ್ರೆಗಳೆಲ್ಲ ನಂಬಿದ್ದ ಕಾಲದಲ್ಲಿ ಇಲಿನಾಯ್ ರಾಜ್ಯದ ಏಳು ಹೆಂಗಸರು ಸೇರಿ ಲಾ ಲೆಚೆ ಲೀಗ್ ಎಂಬ ತಾಯಂದಿರ ಸಂಘ ಕಟ್ಟಿದರು. ಅದೂ 1956, ನಮ್ಮ ದತ್ತಕ ಕಾಯಿದೆ ಬಂದ ವರ್ಷವೇ! ಮುಂದೆ ಜಿಮ್ಮಿ ಲಿನ್ ಏವರಿ ಎಂಬ ದತ್ತು ತಾಯಿಯ ಮೂಲಕ ಲ್ಯಾಕ್ಟ್-ಏಯ್ಡ್ ಎಂಬ ಸಾಧನ ಬಳಕೆಗೆ ಬಂತು. ಕೊರಳಿಗೆ ನೇತುಹಾಕುವ ಪುಟ್ಟ ಚೀಲದಲ್ಲಿ ಹಾಲು, ಅದರಿಂದ ದಾರದಷ್ಟು ತೆಳ್ಳಗಿನ ನಳಿಕೆ ತೊಟ್ಟಿನವರೆಗೆ. ಮಗು ಎದೆಯನ್ನೇ ಚೀಪುತ್ತದೆ, ಹೊಟ್ಟೆಗೆ ಹೋಗುವುದು ಚೀಲದ ಹಾಲು, ಆ ಚೀಪುವಿಕೆಯಿಂದಲೇ ತಾಯಿಯ ಹಾಲಿಗೆ ಅಪ್ಪಣೆ. ಬಾಟಲಿಯಲ್ಲಿ ಕುಡಿಸಿ ಆಮೇಲೆ ಎದೆಗೆ ಹಾಕುವ ಪರದಾಟ ಇದರಿಂದ ತಪ್ಪಿತು.

1981ರಲ್ಲಿ ಏವರಿ ಮತ್ತು ಕ್ಯಾಥ್ಲೀನ್ ಅವರ್‌ಬಾಕ್ ಸೇರಿ, ದತ್ತು ಮಕ್ಕಳಿಗೆ ಎದೆಹಾಲು ಕೊಡಲು ಯತ್ನಿಸಿದ 240 ಹೆಂಗಸರ ಅನುಭವ ಸಂಗ್ರಹಿಸಿ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಚ್ಚಿನವರಿಗೆ ಮೇಲು ಹಾಲು ಬೇಕೇ ಬೇಕಾಯಿತು. ಆದರೆ ಅವರು ಪ್ರಯತ್ನವನ್ನು ಅಳೆದದ್ದು ಎಷ್ಟು ಹಾಲು ಬಂತು ಎಂಬುದರಿಂದ ಅಲ್ಲ, ಮಗು ಮತ್ತು ತಾವು ಎಷ್ಟು ಹತ್ತಿರವಾದೆವು ಎಂಬುದರಿಂದ. ನಾನು ತಂಗಿಗೆ ಕಳಿಸಿದ್ದು ಇದೊಂದೇ ಲೇಖನದ ಸಾರಾಂಶ.

ಇಲ್ಲಿ ಇನ್ನೊಂದು ಪ್ರಯೋಗ ಹೇಳಬೇಕು, ಹೇಳಲು ಮನಸ್ಸಿಲ್ಲ. 1950ರ ದಶಕದಲ್ಲಿ ವಿಸ್ಕಾನ್ಸಿನ್ನಿನ ಹ್ಯಾರಿ ಹಾರ್ಲೋ ಮಂಗನ ಮರಿಗಳನ್ನು ತಾಯಿಯಿಂದ ಬಿಡಿಸಿ ಎರಡು ಬೊಂಬೆಗಳ ಜೊತೆ ಬಿಟ್ಟ. ಒಂದು ಬರೀ ತಂತಿಯದ್ದು, ಇನ್ನೊಂದಕ್ಕೆ ಮೆತ್ತನೆಯ ಬಟ್ಟೆ ಸುತ್ತಿತ್ತು. ಹಾಲಿನ ಬಾಟಲಿ ತಂತಿಯ ಬೊಂಬೆಯಲ್ಲಿದ್ದಾಗಲೂ ಮರಿಗಳು ಹಸಿವಾದಾಗ ಮಾತ್ರ ಅಲ್ಲಿಗೆ ಹೋಗಿ ಕುಡಿದು, ಉಳಿದ ಹೊತ್ತೆಲ್ಲ ಬಟ್ಟೆಯ ಬೊಂಬೆಯನ್ನು ಅಪ್ಪಿಕೊಂಡಿದ್ದವು. ಹೆದರಿದಾಗ ಓಡಿದ್ದೂ ಅಲ್ಲಿಗೇ. 1958ರಲ್ಲಿ ಇದನ್ನು ಪ್ರಕಟಿಸಿದ. ಹಾಲು ಕೊಡುವವರನ್ನು ಮಗು ಪ್ರೀತಿಸುತ್ತದೆ, ಅಷ್ಟೇ ಎಂದುಕೊಂಡಿದ್ದ ಪಂಡಿತರು ಲೆಕ್ಕ ತಿದ್ದಿಕೊಳ್ಳಬೇಕಾಯಿತು. ಆ ಮರಿಗಳಿಗೆ ಮಾಡಿದ್ದು ಕ್ರೌರ್ಯ, ಅದರಲ್ಲಿ ಎರಡು ಮಾತಿಲ್ಲ. ಅಪ್ಪಿಕೊಂಡರೆ ಮಗು ಸುಮ್ಮನಾಗುತ್ತದೆ ಎಂದು ತಿಳಿಯಲು ನಮ್ಮ ಅಜ್ಜಿಗೆ ಮಂಗ ಬೇಕಿರಲಿಲ್ಲ. ಆದರೆ ತಂಗಿಗೆ ನಾನು ಇದನ್ನೂ ಹೇಳಿದೆ. ಹಾಲು ಬರದೇ ಹೋದರೆ ತಾನು ತಂತಿಯ ಬೊಂಬೆ ಎಂದು ಅವಳು ಅಂದುಕೊಳ್ಳುತ್ತಿದ್ದಳು. ಬಟ್ಟೆಯ ಬೊಂಬೆಯ ಹತ್ತಿರ ಒಂದು ತೊಟ್ಟು ಹಾಲಿರಲಿಲ್ಲ ಎಂಬುದು ಅವಳಿಗೆ ತಿಳಿಯಬೇಕಿತ್ತು.

ನರ್ಸ್ ಆಗಿ ಕೆಲವು ಮಾತು, ಯಾಕೆಂದರೆ ಇದನ್ನು ಓದಿ ಯಾರಾದರೂ ನಾಳೆಯೇ ಶುರು ಮಾಡಬಹುದು. ಡೊಂಪೆರಿಡೋನ್ ಮಾತ್ರೆ ಹಾಲು ಹೆಚ್ಚಿಸುತ್ತದೆ ಎಂದು ಕೇಳಿ ನಮ್ಮೂರ ಮೆಡಿಕಲ್ ಶಾಪಿಗೆ ಓಡಬೇಡಿ. ಅದರಿಂದ ಹೃದಯ ಬಡಿತ ತಪ್ಪುವ ಅಪಾಯವಿದೆ ಎಂದು ಅಮೆರಿಕದ ಎಫ್‌ಡಿಎ 2004ರಲ್ಲೇ ಹಾಲೂಡುವ ತಾಯಂದಿರಿಗೆ ಎಚ್ಚರಿಕೆ ಕೊಟ್ಟಿದೆ, ಡಾಕ್ಟರು ನೋಡಿ ಹೇಳಿದರೆ ಮಾತ್ರ. ಮಗುವಿನ ಮೇಲು ಹಾಲನ್ನು ಹಟಕ್ಕೆ ಕಡಿಮೆ ಮಾಡಬೇಡಿ. ತೂಕ ಏರುತ್ತಿದೆಯಾ, ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದೆಯಾ ನೋಡಿ. ಮಗುವಿಗೆ ಇಷ್ಟವಿಲ್ಲದಿದ್ದರೆ, ನಿಮಗೆ ನೋವಾದರೆ, ಬೇಸರವಾದರೆ ಬಿಡಿ. ಬಾಟಲಿಯಲ್ಲೇ, ಎದೆಗವಚಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಕುಡಿಸಿ.

ತಂಗಿಯ ಸುದ್ದಿ ಕೇಳುವವರಿಗೆ. ಹಾಸನದ ಮಕ್ಕಳ ಡಾಕ್ಟರಿಗೆ ತೋರಿಸಿ, ಅವರು ಹೂಂ ಅಂದ ಮೇಲೆ ಶುರು ಮಾಡಿದಳು. ಲ್ಯಾಕ್ಟ್-ಏಯ್ಡ್ ತರಿಸುವಷ್ಟು ದಿನ ಕಾಯಲಿಲ್ಲ. 5 ನಂಬರಿನ ಫೀಡಿಂಗ್ ಟ್ಯೂಬ್, ಒಂದು ಸಿರಿಂಜ್, ಸ್ವಲ್ಪ ಪೇಪರ್ ಟೇಪ್. ವಿಡಿಯೋ ಕಾಲಿನಲ್ಲಿ ತೋರಿಸಿಕೊಟ್ಟೆ. ಮೊದಲ ದಿನ ಮಗು ಟ್ಯೂಬನ್ನು ಕಿತ್ತು ಹಾಕಿತು. ಮೂರನೇ ದಿನ ಹಿಡಿಯಿತು. ಆರನೇ ವಾರದಲ್ಲಿ ಹಿಂಡಿದರೆ ನಾಲ್ಕು ಹನಿ, ಹತ್ತನೇ ವಾರದಲ್ಲಿ ದಿನಕ್ಕೆ ಮೂವತ್ತು ಎಂಎಲ್ ಹತ್ತಿರ. ಅಂದರೆ ನಮ್ಮ ಮನೆಯ ಕಾಫಿ ಲೋಟದ ತಳ ಮುಚ್ಚುವಷ್ಟು. ಉಳಿದದ್ದೆಲ್ಲ ಡಬ್ಬಿ ಹಾಲೇ.

ಕ್ಲಿನಿಕ್ಕಿಗೆ ಬಂದಿದ್ದವಳು ಏನಾದಳು ಎಂದು ಕೇಳಬೇಡಿ. ಮೂರು ಸಲ ಬಂದಳು, ಆಮೇಲೆ ಬರಲಿಲ್ಲ. ಐದು ಆಯಿತೋ, ತಂಗಿ ಕುಡಿಸಿದಳೋ, ನನಗೆ ತಿಳಿಯಲಿಲ್ಲ.

ಹೋದ ಶುಕ್ರವಾರ ಇಲ್ಲಿ ರಜೆ. ಮಧ್ಯಾಹ್ನ ಮಲಗಿ ಎದ್ದು ಊರಿಗೆ ವಿಡಿಯೋ ಕಾಲ್ ಮಾಡಿದೆ. ಫೋನನ್ನು ಯಾರೋ ಡಬ್ಬಿಗೆ ಒರಗಿಸಿಟ್ಟಿದ್ದರು, ತಂಗಿಯ ಹೆಗಲು, ಸೆರಗಿನೊಳಗಿಂದ ಮಗುವಿನ ಒಂದು ಕಾಲು ಮಾತ್ರ ಕಾಣುತ್ತಿತ್ತು. ಪಕ್ಕದಲ್ಲಿ ಅವ್ವ ಸಿರಿಂಜ್ ಹಿಡಿದು ನಿಂತಿದ್ದಳು.

"ಎಷ್ಟೆತ್ರ ಹಿಡೀಬೇಕೇ ಇದ?" ಅಂದಳು.

"ಕೆಳಗೆ ಇಳಿಸವ್ವ, ಮೇಲೆ ಹಿಡಿದ್ರೆ ಜೋರಾಗಿ ಬರ್ತದೆ, ಮಗು ಕೆಮ್ತದೆ."

ಅವ್ವ ತಂಗಿಯ ಭುಜದ ಮಟ್ಟಕ್ಕೆ ಇಳಿಸಿದಳು. ಕೈ ನೋಯುತ್ತದೆ, ಗೋಡೆಗೆ ಒಂದು ಮೊಳೆ ಹೊಡೆಸಿ ನೇತುಹಾಕು ಅಂದೆ. "ಸುಮ್ಕಿರು, ಮಗು ಕುಡೀತದೆ, ಮಾತಾಡ್ಬ್ಯಾಡ" ಅಂದಳು.